ಪರಾಗಸ್ಪರ್ಶದ ಕಲಾಕೃತಿ: ನೋಡಲು ಬಂದವರೇ ಜೇನುನೊಣ ಆಗಲಿ

ನಿಮ್ಮ ಪ್ರಶ್ನೆ ಇದು: ಕೀಟಗಳು ಮತ್ತು ಹೂಗಿಡಗಳ ನಂಟಿನ ಬಗ್ಗೆ ಮ್ಯೂಸಿಯಂನಲ್ಲಿ ಇಂಟರಾಕ್ಟಿವ್ ಕಲಾಕೃತಿ ಮಾಡಬೇಕು, ದೊಡ್ಡ ಟಚ್‌ಸ್ಕ್ರೀನ್ ಇಟ್ಟು ಜೇನುನೊಣವನ್ನು ಹೂವಿಂದ ಹೂವಿಗೆ ಹಾರಿಸುವ ಆಟ ಸಾಕಾ?

ಸಾಲದು ಅನ್ನುತ್ತೇನೆ. ಪ್ರದರ್ಶನಗಳ ವಿನ್ಯಾಸವೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಆಟ ಆಡುವವರಿಗೆ ಮೊದಲೇ ಎಲ್ಲಾ ಗೊತ್ತಿರುತ್ತದೆ. ಪರಾಗ ಸಾಗಿಸಬೇಕು, ಪಾಯಿಂಟ್ ಗಳಿಸಬೇಕು. ಕೀಟಕ್ಕೆ ಅಂಥ ಉದ್ದೇಶವೇ ಇಲ್ಲ ಅಲ್ವಾ? ಅದು ಬರುವುದು ಹೊಟ್ಟೆಪಾಡಿಗೆ. ಹೂವು ಆ ಹಸಿವನ್ನೇ ಹಿಡಿದುಕೊಂಡು ತನ್ನ ಕೆಲಸ ಮಾಡಿಸಿಕೊಳ್ಳುತ್ತದೆ. ಈ ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗ ಅನಿಸುವುದು ಇದೇ. ನಿಮ್ಮಲ್ಲಿಗೆ ಬಂದವರೂ ಬೇರೆ ಯಾವುದೋ ಆಸೆಗೆ ಹೂವಿನೊಳಗೆ ತಲೆ ಹಾಕಬೇಕು, ಗೊತ್ತಿಲ್ಲದೆಯೇ ಪರಾಗ ಹೊತ್ತು ಹೊರಡಬೇಕು.

ಇದಕ್ಕೆ ಹೇಳಿ ಮಾಡಿಸಿದ ಹೂವು ಸಾಲ್ವಿಯಾ, ತುಳಸಿಯ ಕುಟುಂಬದ್ದು. ಅದರ ಹಲವು ಜಾತಿಗಳಲ್ಲಿ ಎರಡು ಕೇಸರಗಳು, ಅಂದರೆ ಪರಾಗ ಹೊತ್ತ ಎಳೆಗಳು, ಏತದ ಹಾಗೆ ಕೆಲಸ ಮಾಡುತ್ತವೆ. ತುಟಿಯಂತೆ ಚಾಚಿದ ಕೆಳಗಿನ ಎಸಳಿನ ಮೇಲೆ ಇಳಿದ ಜೇನುನೊಣ ಮಕರಂದಕ್ಕಾಗಿ ತಲೆ ಒಳಗೆ ತೂರಿಸುತ್ತದೆ. ಏತದ ಒಳತುದಿ ದಾರಿಗೆ ಅಡ್ಡ ಇರುತ್ತದೆ, ನೊಣ ಅದನ್ನು ತಳ್ಳುತ್ತದೆ. ಹೊರತುದಿ ಕೆಳಗೆ ಬಾಗಿ ನೊಣದ ಬೆನ್ನಿಗೆ ಪರಾಗ ಸವರುತ್ತದೆ. ಹೂವಿಗೆ ವಯಸ್ಸಾದ ಮೇಲೆ ಶಲಾಕಾಗ್ರ, ಅಂದರೆ ಪರಾಗ ಪಡೆಯುವ ಹೆಣ್ಣುಭಾಗದ ತುದಿ, ಕೆಳಗೆ ಬಾಗಿ ನಿಲ್ಲುತ್ತದೆ. ಮುಂದೆ ಬರುವ ನೊಣದ ಬೆನ್ನಿನ ಅದೇ ಜಾಗ ಅದಕ್ಕೆ ತಗಲುತ್ತದೆ.

ಈ ಹೂವನ್ನು ಮನುಷ್ಯ ಬಗ್ಗಿ ನುಗ್ಗುವಷ್ಟು ದೊಡ್ಡದಾಗಿ ಕಟ್ಟಿ. ತಳದಲ್ಲಿ ಒಂದು ಕಿಂಡಿ, ಅದರಾಚೆ ಬಣ್ಣದ ಬೆಳಕು, ಒಳ್ಳೆ ಪರಿಮಳ. ಒಳಗೆ ಬಿಡುವಾಗ ಎಲ್ಲರಿಗೂ ಜುಂಗಿನ ಬಟ್ಟೆಯ ಮೇಲಂಗಿ ಹಾಕಿಸಿ, ಯಾಕೆ ಅಂತ ಮಾತ್ರ ಹೇಳಬೇಡಿ. ಇಣುಕಲು ಹೋದವರ ಭುಜ ಏತದ ಒಳತುದಿಯಂಥ ಹಲಗೆಗೆ ತಗಲಿದರೆ ಅದರ ಹೊರತುದಿಯಂಥ ಮೇಲಿನ ತೋಳು ಇಳಿದು, ಪರಾಗದ ಬದಲಿಗೆ ವೆಲ್ಕ್ರೋ ಉಂಡೆಗಳನ್ನು ಬೆನ್ನಿಗೆ ಅಂಟಿಸಲಿ. ಅಲ್ಲೇ ಮುಂದೆ ‘ವಯಸ್ಸಾದ’ ಹೂವು ಇರಲಿ. ಅವರ ಬೆನ್ನಿಂದ ಒಂದು ಉಂಡೆ ಅದಕ್ಕೆ ಅಂಟಿದ ಕೂಡಲೇ ಇಡೀ ಹೂವು ಬೆಳಗಲಿ. ಆಗ ಹಿಂದಿರುಗಿ ನೋಡುತ್ತಾರೆ ನೋಡಿ, ಅಲ್ಲಿ ಒಂದು ಕನ್ನಡಿ ಇಡಿ. ವಿವರಣೆಯ ಫಲಕವೂ ಅಲ್ಲೇ ಇರಲಿ, ಬಾಗಿಲಲ್ಲಿ ಬೇಡ. ನಿಜವಾದ ಪರಾಗ ಬಳಸಲೇಬೇಡಿ, ಅಲರ್ಜಿ ಇರುವವರು ಬರುತ್ತಾರೆ. ನುಣ್ಣನೆ ಪುಡಿಯೂ ಬೇಡ, ಪಕ್ಕದ ಪ್ರದರ್ಶನಗಳ ಮೇಲೆಲ್ಲಾ ಕೂರುತ್ತದೆ.

ಜಾಗ ಇದ್ದರೆ ಟೊಮೆಟೊ ಹೂವನ್ನೂ ಸೇರಿಸಿ. ಅದರ ಪರಾಗಕೋಶಗಳು ಕೂಡಿಕೊಂಡು ಒಂದು ಕೊಳವೆಯಂತಾಗಿರುತ್ತವೆ, ಪರಾಗ ಸುಮ್ನೆ ಉದುರುವುದಿಲ್ಲ. ಬಂಬಲ್‌ಬೀ ಅನ್ನುವ ದಪ್ಪನೆಯ, ರೋಮ ತುಂಬಿದ ದುಂಬಿ ಅದನ್ನು ಕಚ್ಚಿ ಹಿಡಿದು, ರೆಕ್ಕೆ ಬಡಿಯದೆ ಹಾರಾಟದ ಸ್ನಾಯುಗಳನ್ನಷ್ಟೇ ಅದುರಿಸುತ್ತದೆ. ಆಗ ಪರಾಗ ಚಿಮ್ಮುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಗೊತ್ತಿಲ್ಲ. ಟ್ಯೂನಿಂಗ್ ಫೋರ್ಕ್ (ಮೀಟಿದರೆ ಅದುರುವ ಲೋಹದ ಕವೆ) ಮೀಟಿ ನಿಜವಾದ ಹೂವಿಗೆ ತಾಗಿಸಿದರೆ ಪರಾಗ ಉದುರುವುದು ಕಣ್ಣಿಗೇ ಕಾಣುತ್ತದೆ. ಇದನ್ನು ಗಾಜಿನ ಪೆಟ್ಟಿಗೆಯೊಳಗೆ ಮಾಡಿಸಿದರೆ ಸಾಕು, ಬೇರೆ ಯಂತ್ರ ಬೇಡ.

ಜೇನುನೊಣದ ಕಣ್ಣಿಂದ ಲೋಕ ತೋರಿಸುತ್ತೇವೆ ಅಂತ ನೇರಳೆ ಬಣ್ಣದ ಕನ್ನಡಕ ಕೊಡುವವರಿದ್ದಾರೆ. ಅದು ನನಗೆ ಒಪ್ಪಿಗೆ ಇಲ್ಲ. ಜೇನುನೊಣಕ್ಕೆ ಅತಿನೇರಳೆ ಕಾಣುತ್ತದೆ, ನಮಗೆ ಕಾಣುವುದಿಲ್ಲ. ಯಾವ ಕನ್ನಡಕವೂ ಅದನ್ನು ಬದಲಿಸುವುದಿಲ್ಲ. ಅದರ ಬದಲು ಸೂರ್ಯಕಾಂತಿಯ ಅತಿನೇರಳೆ ಫೋಟೋ ಹಾಕಿ. ನಮಗೆ ಪೂರ್ತಿ ಹಳದಿಯಾಗಿ ಕಾಣುವ ಎಸಳುಗಳ ಬುಡ ಅದರಲ್ಲಿ ಕಪ್ಪಗಿರುತ್ತದೆ, ತುದಿ ಹೊಳೆಯುತ್ತದೆ. ಬಣ್ಣಗಳನ್ನು ನಮಗೆ ಕಾಣುವಂತೆ ಬದಲಿಸಿದ್ದೇವೆ ಅಂತ ಕೆಳಗೆ ಬರೆಯಿರಿ.

ಎರಡು ಕೃತಿಗಳ ಬಗ್ಗೆ ಹುಡುಕಿ ಓದಿ. ಒಂದು, ಬ್ರಿಟಿಷ್ ಕಲಾವಿದ ವೂಲ್ಫ್‌ಗ್ಯಾಂಗ್ ಬಟ್ರೆಸ್ ಅವರ ‘ದಿ ಹೈವ್’. 2015ರ ಮಿಲಾನ್ ಎಕ್ಸ್‌ಪೋ ಎಂಬ ವಿಶ್ವಮೇಳಕ್ಕೆ ಮಾಡಿದ್ದು, 2016ರಲ್ಲಿ ಲಂಡನ್ನಿನ ಸಸ್ಯೋದ್ಯಾನ ಕ್ಯೂ ಗಾರ್ಡನ್ಸ್‌ಗೆ ಬಂತು. 17 ಮೀಟರ್ ಎತ್ತರದ ಅಲ್ಯೂಮಿನಿಯಂ ಗೂಡು. ಅದರ ಸುಮಾರು 1,000 ಎಲ್‌ಇಡಿ ದೀಪಗಳು ಮತ್ತು ಸದ್ದನ್ನು ಅಲ್ಲಿನ ನಿಜವಾದ ಜೇನುಗೂಡಿನ ಕಂಪನಗಳೇ ನಡೆಸುತ್ತವೆ. ಅಲ್ಲಿ ಹುಳುಗಳು ಹೇಳಿದ್ದೇ ಮಾತು, ನಾವು ಒತ್ತುವ ಬಟನ್ ಅಲ್ಲ. ಇನ್ನೊಂದು, ಕಲಾವಿದೆ ಅಲೆಕ್ಸಾಂಡ್ರಾ ಡೈಸಿ ಗಿನ್ಸ್‌ಬರ್ಗ್ ಅವರ ‘ಪಾಲಿನೇಟರ್ ಪಾತ್‌ಮೇಕರ್’. ಅದರಲ್ಲಿ ಯಾವ ಗಿಡ ಎಲ್ಲಿ ನೆಡಬೇಕು ಅಂತ ಒಂದು ಅಲ್ಗಾರಿದಮ್, ಅಂದರೆ ಕಂಪ್ಯೂಟರಿನ ಲೆಕ್ಕಾಚಾರದ ವಿಧಾನ, ಹೇಳುತ್ತದೆ. ನಮಗೆ ಚೆಂದ ಕಾಣುವುದು ಅದಕ್ಕೆ ಮುಖ್ಯವಲ್ಲ, ಆದಷ್ಟು ಜಾಸ್ತಿ ಜಾತಿಯ ಕೀಟಗಳಿಗೆ ಉಪಯೋಗ ಆಗಬೇಕು.

ಸಾಲ್ವಿಯಾ ಹೂವನ್ನು ಎರಡು ಎತ್ತರದಲ್ಲಿ ಮಾಡಿ. ಮಕ್ಕಳಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ತಗ್ಗಿನದು ಬೇಕು. ಮೊದಲು ರಟ್ಟಿನಲ್ಲಿ ಕಟ್ಟಿ ಕೆಲವು ಮಕ್ಕಳನ್ನು ಕರೆಸಿ ನೋಡಿ. ತೋಳು ಜೋರಾಗಿ ಬಿದ್ದರೆ ಬೆಚ್ಚಿ ಹಿಂದೆ ಸರಿಯುತ್ತಾರೆ, ತೀರಾ ನಿಧಾನವಾದರೆ ತಲೆಯೆತ್ತಿ ನೋಡಿಬಿಡುತ್ತಾರೆ. ಆ ವೇಗ ಹೊಂದಿಸುವುದಕ್ಕೇ ಹೆಚ್ಚು ಸಮಯ ಇಟ್ಟುಕೊಳ್ಳಿ.