ಕನ್ನಡಿಯ ಕೋಟಿಂಗನ್ನು ಲೇಸರ್ ಶಬ್ದದಿಂದ ಅಳೆಯೋದು: ಕಾರವಾರದ ಅಣ್ಣನ ಪ್ರಶ್ನೆಗೆ

ಅಣ್ಣಾ, ನಿಮ್ಮ ಟೆಲಿಸ್ಕೋಪಿನ ಆರಿಂಚು ಕನ್ನಡಿಗೆ ಅಲ್ಯೂಮಿನಿಯಂ ಹಾಕಿಸಿ ಒಂದೇ ಮಳೆಗಾಲಕ್ಕೆ ಅಂಚಿನಲ್ಲಿ ಪೊರೆ ಏಳುತ್ತಿದೆ ಅಂದಿರಿ. ಲೇಸರಿನಿಂದ ಶಬ್ದದ ಅಲೆ ಎಬ್ಬಿಸಿ ಪದರ ಅಳೆಯುತ್ತಾರಂತೆ, ನಮ್ಮ ಹಸಿರು ಪಾಯಿಂಟರಿನಲ್ಲಿ ಆಗುತ್ತಾ ಅಂತಲೂ ಕೇಳಿದಿರಿ. ಪಾಯಿಂಟರಿನಲ್ಲಿ ಖಂಡಿತ ಆಗಲ್ಲ. ಆದರೆ ಆ ವಿಧಾನ ತಿಳಿದುಕೊಂಡರೆ ನಿಮ್ಮ ಕನ್ನಡಿಗೆ ಏನಾಗಿದೆ ಅನ್ನೋದೂ ಗೊತ್ತಾಗುತ್ತದೆ.

ಹಲಸಿನಕಾಯಿ ಬಡಿದು ಒಳಗೆ ಹಣ್ಣಾಗಿದೆಯಾ ಅಂತ ನೋಡುತ್ತೇವಲ್ಲ, ಕೆಲಸ ಅದೇ. ಇಲ್ಲಿ ಬಡಿಯೋದು ಬೆಳಕು. ಒಂದು ಪಿಕೋಸೆಕೆಂಡಿಗಿಂತಲೂ (ಅಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿಗಿಂತಲೂ) ಚಿಕ್ಕ ಲೇಸರ್ ಮಿಂಚು ಲೋಹದ ಮೇಲೆ ಬೀಳುತ್ತದೆ. ಮೇಲ್ಮೈ ಸ್ವಲ್ಪ ಬಿಸಿಯಾಗಿ ಥಟ್ಟನೆ ಹಿಗ್ಗುತ್ತದೆ. ಆ ಹಿಗ್ಗಿನಿಂದ ಶಬ್ದದ ಅಲೆ ಹುಟ್ಟಿ ಒಳಗೆ ಇಳಿಯುತ್ತದೆ, ಗಾಜಿಗೆ ತಾಗಿ ವಾಪಸ್ ಬರುತ್ತದೆ. ಅದು ಮೇಲೆ ಬಂದ ಕ್ಷಣ ಲೋಹ ಹೊಳೆಯುವ ಪ್ರಮಾಣ ಚೂರು ಬದಲಾಗುತ್ತದೆ. ಹತ್ತು ಸಾವಿರದಲ್ಲಿ, ಲಕ್ಷದಲ್ಲಿ ಒಂದು ಪಾಲಿನಷ್ಟು, ಅಷ್ಟೇ. ಎರಡನೇ ಲೇಸರ್ ಮಿಂಚು ಅದನ್ನು ಹಿಡಿಯುತ್ತದೆ. ಕೋಟ್ಯಂತರ ಮಿಂಚುಗಳ ಸರಾಸರಿ ತೆಗೆದರೆ ಮಾತ್ರ ಕಾಣುವ ಬದಲಾವಣೆ ಇದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಹಂಫ್ರಿ ಮಾರಿಸ್, ಯಾನ್ ಟೌಟ್ಸ್ ಮತ್ತು ಜೊತೆಗಾರರು 1984ರಲ್ಲಿ ಇದನ್ನು ತೋರಿಸಿಕೊಟ್ಟರು. ಈಗ ಚಿಪ್ ಕಾರ್ಖಾನೆಗಳು ಲೋಹದ ಪದರ ಅಳೆಯಲು ಇದನ್ನೇ ಬಳಸುತ್ತವೆ.

ನಿಮ್ಮ ಕನ್ನಡಿಗೇ ಲೆಕ್ಕ ಹಾಕೋಣ. ಅಲ್ಯೂಮಿನಿಯಂ ಪದರ ಸಾಮಾನ್ಯವಾಗಿ 100 ನ್ಯಾನೋಮೀಟರ್ ಆಸುಪಾಸು, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲು. ಅದರೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 6,400 ಮೀಟರ್. ಹೋಗಿ ಬರಲು 31 ಪಿಕೋಸೆಕೆಂಡ್. ಇಷ್ಟು ಚಿಕ್ಕ ಹೊತ್ತನ್ನು ಯಾವ ಗಡಿಯಾರದಿಂದಲೂ ಅಳೆಯೋದಿಲ್ಲ, ಎರಡನೇ ಮಿಂಚಿನ ದಾರಿಯನ್ನು ಉದ್ದ ಮಾಡುತ್ತಾರೆ. ಒಂದು ಕನ್ನಡಿಯನ್ನು ಐದು ಮಿಲಿಮೀಟರಿಗೂ ಕಡಿಮೆ ಹಿಂದೆ ಸರಿಸಿದರೆ ಬೆಳಕು 31 ಪಿಕೋಸೆಕೆಂಡ್ ತಡವಾಗಿ ಬರುತ್ತದೆ. ಎಷ್ಟು ಚಂದದ ಉಪಾಯ ಅಲ್ವಾ! ಪಾಯಿಂಟರಿನ ಬೆಳಕು ಸತತವಾಗಿ ಬೀಳುತ್ತದೆ, ಅದರಲ್ಲಿ ಬಡಿತವೇ ಇಲ್ಲ. ಕನ್ನಡಿಗೆ ಅದನ್ನು ಬಿಡಲೇಬೇಡಿ, ತಿರುಗಿ ಕಣ್ಣಿಗೆ ಬಂದರೆ ಅಪಾಯ.

ನಿಮಗೆ ಮುಖ್ಯವಾದದ್ದು ದಪ್ಪ ಅಲ್ಲ, ಅಂಟು. ಬೋರೋಸಿಲಿಕೇಟ್ ಗಾಜಿಗೆ (ಕನ್ನಡಿಗೆ ಬಳಸುವ, ಬಿಸಿಗೆ ಕಡಿಮೆ ಹಿಗ್ಗುವ ಗಾಜು) ಲೋಹ ಗಟ್ಟಿಯಾಗಿ ಕೂತಿದ್ದರೆ, ವಾಪಸ್ ಬರುವ ಅಲೆಯ ಎತ್ತರ ಹೋದದ್ದರ ಸುಮಾರು ಆರನೇ ಒಂದು ಪಾಲು ಮಾತ್ರ, ಶಕ್ತಿಯ ಬಹುಪಾಲು ಗಾಜಿನೊಳಗೆ ಹೋಗುತ್ತದೆ. ಪೊರೆ ಎದ್ದ ಕಡೆ ಹೆಚ್ಚುಕಡಿಮೆ ಪೂರ್ತಿ ವಾಪಸ್ ಬಂದು, ಅಲೆ ಪದರದೊಳಗೇ ಮತ್ತೆ ಮತ್ತೆ ಓಡಾಡುತ್ತದೆ. ಹಾಗಾಗಿ ಕಣ್ಣಿಗೆ ಕಾಣುವ ಮೊದಲೇ ಅಂಟು ಬಿಟ್ಟದ್ದು ಸಿಗುತ್ತದೆ.

ಪದರ ಎಷ್ಟು ಬಿಗಿ ಅಂತ ಅಳೆಯಲು ಬೇರೆ ದಾರಿ ಇದೆ. ಲೇಸರನ್ನು ಗೆರೆಯಾಗಿ ಬಿಟ್ಟು ಮೇಲ್ಮೈಯಲ್ಲೇ ಓಡುವ ಅಲೆ ಎಬ್ಬಿಸಿ, ಸ್ವಲ್ಪ ದೂರದಲ್ಲಿ ಅದರ ವೇಗ ನೋಡುತ್ತಾರೆ. ಸೆಕೆಂಡಿಗೆ ಹೆಚ್ಚು ಸಲ ಕಂಪಿಸುವ ಅಲೆ ಆಳಕ್ಕೆ ಇಳಿಯದೆ ಮೇಲೆ ಮೇಲೆಯೇ ಹೋಗುತ್ತದೆ. ಪದರ ಕೆಳಗಿನದಕ್ಕಿಂತ ಬಿಗಿಯಾಗಿದ್ದರೆ ಅದು ಜಾಸ್ತಿ ವೇಗವಾಗಿ ಓಡುತ್ತದೆ. ವಜ್ರದಂಥ ಇಂಗಾಲದ ಲೇಪಕ್ಕೆ ಇದು ಒಳ್ಳೆಯದು, ನಿಮಗೆ ಬೇಡ.

ಈಗ ಮಾಡಬೇಕಾದದ್ದು. ಕತ್ತಲ ಕೋಣೆಯಲ್ಲಿ ಕನ್ನಡಿಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ಮುಂದಿನಿಂದ ನೋಡಿ. ಸಣ್ಣ ಚುಕ್ಕಿಗಳು ಹೊಳೆದರೆ ಅಲ್ಲಿ ತೂತು. ಉಪ್ಪು ನೀರು ಇಳಿಯೋದೇ ಅಲ್ಲಿಂದ, ಅಂಚಿನಿಂದ. ಸೂರ್ಯನ ಕಡೆ ಹಿಡಿದು ಮಾತ್ರ ನೋಡಬೇಡಿ. ಟೇಪ್ ಅಂಟಿಸಿ ಕೀಳುವ ಪರೀಕ್ಷೆಯನ್ನೂ ಈ ಕನ್ನಡಿ ಮೇಲೆ ಮಾಡಬೇಡಿ, ಉಳಿದದ್ದೂ ಎದ್ದು ಬರುತ್ತದೆ.

ಮತ್ತೆ ಕೋಟಿಂಗ್ ಹಾಕಿಸುವಾಗ ಕನ್ನಡಿ ಪಕ್ಕದಲ್ಲೇ ಎರಡು ಮೈಕ್ರೋಸ್ಕೋಪ್ ಸ್ಲೈಡ್ ಇಡಲು ಹೇಳಿ, ಕನ್ನಡಿ ತೊಳೆದ ಹಾಗೇ ಅವನ್ನೂ ತೊಳೆದಿರಬೇಕು. ಒಂದರ ಮೇಲೆ ಟೇಪ್ ಪರೀಕ್ಷೆ ಮಾಡಿ. ಇನ್ನೊಂದು ಇಟ್ಟುಕೊಳ್ಳಿ, ಫೆಮ್ಟೋಸೆಕೆಂಡ್ ಲೇಸರ್ (ಮೇಲೆ ಹೇಳಿದಂಥ ಅತಿ ಚಿಕ್ಕ ಮಿಂಚು ಕೊಡುವ ಲೇಸರ್) ಇರುವ ಪ್ರಯೋಗಾಲಯದಲ್ಲಿ ಪರಿಚಯದವರು ಸಿಕ್ಕರೆ ಅದನ್ನೇ ಕೊಡಬಹುದು. ಮೇಲೆ ಸಿಲಿಕಾನ್ ಮಾನಾಕ್ಸೈಡ್ ರಕ್ಷಣಾ ಪದರ ಬೇಕೇ ಬೇಕು ಅನ್ನಿ. ಕಡಲ ದಂಡೆಯಲ್ಲಿ ಬರೀ ಅಲ್ಯೂಮಿನಿಯಂ ಬಾಳೋದು ಕಷ್ಟ.

ರಾತ್ರಿ ಆಕಾಶ ನೋಡಿ ಮುಗಿದ ಮೇಲೆ ಕನ್ನಡಿಯ ಇಬ್ಬನಿ ಪೂರ್ತಿ ಆರಿಸಿ ಮುಚ್ಚಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಿ. ಜೆಲ್ ಬಣ್ಣ ತಿರುಗಿದರೆ ಬಾಣಲೆಯಲ್ಲಿ ಹದ ಬೆಂಕಿಗೆ ಒಣಗಿಸಿ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ನಮ್ಮ ಶಿರಸಿ ಕಡೆ ಉಪ್ಪಿಲ್ಲದಿದ್ದರೂ ಬೂಷ್ಟಿನ ಕಾಟ ಇದೆ, ಹಾಗಾಗಿ ಘಟ್ಟದ ಮೇಲಿನವರಿಗೂ ಇದೇ ಮಾತು. ಅಂಚಿನ ಫೋಟೋ ಓರೆ ಬೆಳಕಿನಲ್ಲಿ ತೆಗೆದು ಹಾಕಿ, ತೊಳೆಯದ ಕೊಳೆಯಿಂದ ಎದ್ದದ್ದಾ, ಉಪ್ಪಿನಿಂದ ಎದ್ದದ್ದಾ ಅಂತ ನೋಡೋಣ.