ಇಗ್ವಾನಾ ಬೆರಳು ಅದುರ್ತಿದ್ರೆ ಮೊದ್ಲು ಡಾಕ್ಟರು, ಆಮೇಲೆ ಮಿಕ್ಕಿದ್ದು

ಸರ್, ನಿಮ್ಮ ವಿಡಿಯೋ ನಾಲ್ಕೈದು ಸಲ ನೋಡ್ದೆ. ಪಕ್ಕದ ಬಾಡಿಗೆ ಮನೆಯೋರು ಖಾಲಿ ಮಾಡುವಾಗ ಬಿಟ್ಟೋಗಿರೋ ಹಸಿರು ಇಗ್ವಾನಾ (ದೊಡ್ಡ ಹಲ್ಲಿ ಜಾತಿ), ದವಡೆ ಮೆತ್ತಗಿದೆ, ಹಿಂದಿನ ಕಾಲ್ಬೆರಳು ಆಗಾಗ ಅದುರುತ್ತೆ, ತೊಡೆ ಮಾತ್ರ ಒಳ್ಳೆ ದಪ್ಪಗಿದೆ ತಿಂದುಂಡು ಬೆಳೆದಂಗಿದೆ ಅಂತ ಬರ್ದಿದೀರ. ಆ ದಪ್ಪ ಮಾಂಸ ಅಲ್ಲ ಅನ್ಸುತ್ತೆ ಸರ್. ಮೂಳೆಯಲ್ಲಿರೋ ಕ್ಯಾಲ್ಸಿಯಂನ ದೇಹ ರಕ್ತಕ್ಕೆ ಎಳ್ಕೊಂಡು, ಖಾಲಿಯಾದ ಜಾಗದಲ್ಲಿ ನಾರು ತುಂಬ್ಕೊಂಡು ಊದಿರೋದು. ಎಂಬಿಡಿ ಅಂತಾರೆ, ಮೆಟಬಾಲಿಕ್ ಬೋನ್ ಡಿಸೀಸ್. ಎಕ್ಸ್‌ರೇ ತೆಗೆದ್ರೆ ಖಾತ್ರಿ ಆಗುತ್ತೆ.

ಬೆರಳು ಅದುರ್ತಿದೆ ಅಂದ್ರೆ ರಕ್ತದಲ್ಲೂ ಕ್ಯಾಲ್ಸಿಯಂ ಇಳಿದಿರೋ ಸಾಧ್ಯತೆ ಜಾಸ್ತಿ, ಇದು ಫಿಟ್ಸ್‌ಗೆ ತಿರುಗ್ಬೋದು, ಅದಕ್ಕೇ ಇವತ್ತೇ ಹೊರಡಿ, ನಾಳೆ ಬೇಡ. ನಾಯಿ ಬೆಕ್ಕು ಮಾತ್ರ ನೋಡೋ ಡಾಕ್ಟರ್ ಆದ್ರೆ ಫೋನಲ್ಲೇ ಕೇಳ್ಕೊಳ್ಳಿ, ಸರೀಸೃಪ ನೋಡಿ ಅಭ್ಯಾಸ ಇದೆಯಾ ಅಂತ. ನಮ್ಮನೆ ಇಗ್ವಾನಾ ರಾಜಿನ ಮೊದ್ಲು ಕರ್ಕೊಂಡೋದ ಕಡೆ ವಿಟಮಿನ್ ಡ್ರಾಪ್ಸ್ ಬರ್ದು ಕಳ್ಸಿದ್ರು, ಎರಡು ವಾರ ಸುಮ್ನೆ ಹಾಳಾಯ್ತು.

ಮೇಲಿನ ಕಾಮೆಂಟಲ್ಲಿ ಒಬ್ರು ಹಾಲು, ಬೇಯಿಸಿದ ಮೊಟ್ಟೆ, ಪಾಲಕ್ ಕೊಡಿ ಅಂದಿದಾರೆ. ಅಕ್ಕ, ಬೇಜಾರ್ ಮಾಡ್ಕೋಬೇಡಿ, ಮೂರೂ ಬೇಡ. ಇದು ಬರೀ ಸೊಪ್ಪು ತಿನ್ನೋ ಪ್ರಾಣಿ, ಮೊಟ್ಟೆ ಮಾಂಸ ಹಾಕ್ತಾ ಹೋದ್ರೆ ಕಿಡ್ನಿಗೆ ಹೊಡೆಯುತ್ತೆ. ಪಾಲಕ್, ದಂಟಿನ ಸೊಪ್ಪಲ್ಲಿರೋ ಆಕ್ಸಲೇಟ್ ಅನ್ನೋ ಅಂಶ, ಊಟದಲ್ಲಿರೋ ಕ್ಯಾಲ್ಸಿಯಂನೂ ಮೈಗೆ ಸೇರ್ದಂಗೆ ಹಿಡ್ಕೊಂಡ್ಬಿಡುತ್ತೆ. ನಮ್ಮೂರಲ್ಲಿ ಪುಕ್ಸಟ್ಟೆ ಸಿಗೋದೇ ಇದಕ್ಕೆ ಒಳ್ಳೇದು: ನುಗ್ಗೆ ಸೊಪ್ಪು, ದಾಸವಾಳದ ಎಲೆ ಮತ್ತೆ ಹೂವು, ದನಕ್ಕೆ ಹಾಕೋ ಕುದುರೆ ಮೆಂತ್ಯ. ಜೊತೆಗೆ ಸಿಹಿಗುಂಬಳ ತುರಿದು, ಹುರುಳಿಕಾಯಿ ಸಣ್ಣಗೆ ಹೆಚ್ಚಿ. ದವಡೆ ಮೆತ್ತಗಿದ್ರೆ ಕಚ್ಚಿ ಹರಿಯೋಕಾಗಲ್ಲ, ಅದಕ್ಕೆ ಎಲ್ಲಾ ಕೊತ್ತಂಬರಿ ಸೊಪ್ಪಿನ ತರ ಹೆಚ್ಬೇಕು. ಔಷಧಿ ಹೊಡೆದಿರೋ ಗಿಡದ್ದು ಬೇಡ, ನರ್ಸರಿಯಿಂದ ತಂದ ದಾಸವಾಳ ಅಂತೂ ತಕ್ಷಣ ಹಾಕ್ಲೇಬೇಡಿ.

ಈಗ ಮುಖ್ಯ ವಿಷಯ, ಬೆಳಕು. ಎಲ್ಲರೂ ಕ್ಯಾಲ್ಸಿಯಂ ಪುಡಿ ಹಿಂದೆ ಬೀಳ್ತಾರೆ, ನಾನೂ ಬಿದ್ದಿದ್ದೆ. ಚರ್ಮದ ಮೇಲೆ ಯುವಿಬಿ (ಬಿಸಿಲಲ್ಲಿರೋ ಕಣ್ಣಿಗೆ ಕಾಣದ ಕಿರಣ) ಬಿದ್ರೆ ತಾನೇ ವಿಟಮಿನ್ ಡಿ3 ಆಗೋದು, ಡಿ3 ಇಲ್ದೆ ತಿಂದ ಕ್ಯಾಲ್ಸಿಯಂ ಹಂಗೇ ಆಚೆ ಹೋಗುತ್ತೆ. ಕಿಟಕಿ ಹತ್ರ ಬಿಸಿಲಲ್ಲೇ ಇಟ್ಟಿದೀವಿ ಅಂತೀರಲ್ಲ, ಗಾಜು ಯುವಿಬಿನ ತಡೆದ್ಬಿಡುತ್ತೆ ಸರ್, ಬರೀ ಸೆಖೆ ಒಳಗ್ ಬರುತ್ತೆ ಅಷ್ಟೆ. ಸರೀಸೃಪಕ್ಕೆ ಅಂತಾನೇ ಬರೋ ಉದ್ದ ಟಿ5 (ಸಣ್ಣ ದಪ್ಪದ ಟ್ಯೂಬ್‌ಲೈಟ್ ಅಳತೆ) ಯುವಿಬಿ ಟ್ಯೂಬ್ ತಗೊಳ್ಳಿ, ಕೂರೋ ಜಾಗದಿಂದ ಸುಮಾರು 30 ಸೆಂಮೀ ಮೇಲೆ, ದಿನಕ್ಕೆ 12 ಗಂಟೆ. ಉರೀತಾನೇ ಇದ್ರೂ ವರ್ಷಕ್ಕೊಮ್ಮೆ ಬದಲಾಯ್ಸಿ, ಬೆಳಕು ಇರುತ್ತೆ ಯುವಿಬಿ ಸತ್ತಿರುತ್ತೆ. ನೇರಳೆ ಬಣ್ಣದ ಎಲ್‌ಇಡಿ ಮಾರ್ತಾರೆ, ದುಡ್ಡು ದಂಡ. ಟ್ಯೂಬ್ ಬರೋವರೆಗೂ ಬೆಳಿಗ್ಗೆ ಎಳೆ ಬಿಸಿಲಲ್ಲಿ ಜಾಲರಿ ಪಂಜರದಲ್ಲಿ 15-20 ನಿಮಿಷ ಇಡಿ, ಅರ್ಧ ಭಾಗಕ್ಕೆ ನೆರಳು ಇರ್ಲಿ, ನೀವು ಅಲ್ಲೇ ಕೂತಿರಿ. ಗಾಜಿನ ಟ್ಯಾಂಕ್ ಸಮೇತ ಬಿಸಿಲಿಗಿಟ್ರೆ ಬೆಂದೋಗುತ್ತೆ.

ಬಿಸಿ ಕಾಯಿಸ್ಕೊಳ್ಳೋ ಜಾಗ 35-38 ಡಿಗ್ರಿ, ಇನ್ನೊಂದು ತುದಿ 27ರ ಆಸುಪಾಸು. ಕರೆಂಟಿನ ಬಿಸಿ ಕಲ್ಲು ಬೇಡವೇ ಬೇಡ, ಹೊಟ್ಟೆ ಸುಟ್ಕೊಂಡ್ರೂ ಎದ್ದು ಹೋಗಲ್ಲ. ಮೈಸೂರಲ್ಲಿ ಡಿಸೆಂಬರ್ ರಾತ್ರಿ ಕರೆಂಟ್ ಹೋದ್ರೆ ಬಿಸಿನೀರಿನ ಬಾಟ್ಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ. ಮೈ ತಣ್ಣಗಿರುವಾಗ ಸಿರಿಂಜಲ್ಲಿ ಬಲವಂತವಾಗಿ ತಿನ್ಸೋಕೆ ಹೋಗ್ಬೇಡಿ, ಜೀರ್ಣ ಆಗ್ದೆ ಒಳಗೇ ಕೊಳೆಯುತ್ತೆ. ಮೊದ್ಲು ಬೆಚ್ಚಗೆ, ಆಮೇಲೆ ನೀರು (ಉಗುರು ಬೆಚ್ಚಗಿನ ನೀರಲ್ಲಿ ಭುಜದ ಮಟ್ಟ ಹತ್ತು ನಿಮಿಷ ಕೂರ್ಸಿ), ಊಟ ಆಮೇಲೆ.

ಪುಡಿ ಯಾವ್ದು ಅಂತ ಕೇಳಿದ್ರಿ. ಗಿಳಿ ಪಂಜರಕ್ಕೆ ಸಿಕ್ಕಿಸ್ತಾರಲ್ಲ ಕಟಲ್‌ಬೋನ್ (ಕಟಲ್‌ಫಿಶ್ ಅನ್ನೋ ಸಮುದ್ರ ಜೀವಿಯ ಒಳಚಿಪ್ಪು), ಅದನ್ನ ಕೆರೆದು ಸೊಪ್ಪಿನ ಮೇಲೆ ಉದುರ್ಸಿದ್ರೂ ನಡೆಯುತ್ತೆ, ಆದ್ರೆ ಈ ಸ್ಥಿತೀಲಿ ಎಷ್ಟು ಅನ್ನೋದು ಡಾಕ್ಟರ್ ಹೇಳ್ಲಿ. ಮೆಡಿಕಲ್ ಶಾಪಲ್ಲಿ ಸಿಗೋ ಮನುಷ್ಯರ 60,000 ಯೂನಿಟ್ ಡಿ3 ಸ್ಯಾಶೆ ಮಾತ್ರ ಕೊಡ್ಬೇಡಿ, ಜಾಸ್ತಿ ಆದ್ರೆ ಕ್ಯಾಲ್ಸಿಯಂ ಕಿಡ್ನಿ, ರಕ್ತನಾಳದಲ್ಲಿ ಗಟ್ಟಿ ಆಗುತ್ತೆ.

ಎತ್ತುವಾಗ ಹೊಟ್ಟೆ ಕೆಳಗೆ ಇಡೀ ಅಂಗೈ ಕೊಡಿ, ಬಾಲ ಹಿಡೀಬೇಡಿ. ಎತ್ತರದ ಕೊಂಬೆ ಎಲ್ಲಾ ಸದ್ಯಕ್ಕೆ ತೆಗ್ದಿಡಿ, ಅರ್ಧ ಅಡಿಯಿಂದ ಬಿದ್ರೂ ಮೂಳೆ ಮುರಿಯೋ ಕಾಲ ಇದು. ಮೂಗಿಂದ ಬಿಳಿ ಪುಡಿ ಸೀನುತ್ತೆ ನೆಗಡಿನಾ ಅಂದ್ರಲ್ಲ, ನೆಗಡಿ ಅಲ್ಲ, ಉಪ್ಪು. ಜಾಸ್ತಿ ಆದ ಉಪ್ಪನ್ನ ಇವು ಮೂಗಿಂದಾನೇ ಹೊರಗೆ ಹಾಕೋದು. ನಮ್ಮತ್ತೆ ಮೊದಲ ಸಲ ನೋಡಿ ವಿಕ್ಸ್ ತಂದಿದ್ರು! ಮುಟ್ಟಿದ್ಮೇಲೆ ಸೋಪಲ್ಲಿ ಕೈ ತೊಳೀರಿ, ಸಾಲ್ಮೊನೆಲ್ಲಾ ಅನ್ನೋ ಭೇದಿ ತರಿಸೋ ಬ್ಯಾಕ್ಟೀರಿಯಾ ಇರುತ್ತೆ, ಅದರ ಬಟ್ಟಲು ಅಡುಗೆಮನೆ ಸಿಂಕಲ್ಲಿ ಬೇಡ. ಮನೇಲಿ ಐದು ವರ್ಷದೊಳಗಿನ ಮಕ್ಕಳಿದ್ರೆ ದೂರ ಇರ್ಲಿ.

ಕಾಗದಪತ್ರದ್ದೂ ಒಂದು ಮಾತು, ಹಸಿರು ಇಗ್ವಾನಾ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಲ್ಲಿದೆ, 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿ ಆದ್ಮೇಲೆ ಇಂಥವನ್ನ ಇಟ್ಕೊಂಡೋರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯ್ಸಬೇಕು. ಹಳೇ ಓನರ್ ಹತ್ರ ಏನಾದ್ರೂ ಪೇಪರ್ ಇದ್ರೆ ಇಸ್ಕೊಳ್ಳಿ, ಇಲ್ಲಾಂದ್ರೆ ಅರಣ್ಯ ಇಲಾಖೆಗೆ ನೀವೇ ಹೋಗಿ ಹೇಳಿ. ಯಾರೋ ಕುಕ್ಕರಹಳ್ಳಿ ಕೆರೆ ಹತ್ರ ಬಿಡಿ ಅಂದಿದಾರೆ, ದಯವಿಟ್ಟು ಬೇಡ, ಇದು ಅಮೆರಿಕ ಖಂಡದ ಪ್ರಾಣಿ, ಫ್ಲೋರಿಡಾದಲ್ಲಿ ಹಿಂಗೇ ಸಾಕಿದ್ದು ಹೊರಗೆ ಸೇರ್ಕೊಂಡು ಈಗ ಊರೆಲ್ಲಾ ಬಿಲ ತೋಡ್ತಿವೆ.

ವಾಸಿಯಾಗುತ್ತಾ ಅಂದ್ರೆ, ಬಾಗಿದ ಮೂಳೆ ನೆಟ್ಟಗಾಗಲ್ಲ. ರಾಜಿ ಬೆನ್ನಲ್ಲಿ ಇವತ್ತಿಗೂ ಒಂದು ಗೂನು ಇದೆ. ಬಂದಾಗ ಬೇಲಿ ಮೇಲಿನ ಓತಿಕ್ಯಾತನ್ನ ಕಿವಿಗೆ ಬಿಟ್ಕೊಂಡ್ರಿ ಅಂತ ಪಕ್ಕದ ಮನೆಯೋರು ನಗಾಡಿದ್ರು. ಅಡುಗೆಮನೆ ತಕ್ಕಡೀಲಿ ವಾರಕ್ಕೊಮ್ಮೆ ತೂಕ ಬರ್ದಿಡ್ತಿದ್ದೆ, ಮೊದಲ ತಿಂಗಳು ಏಳೇ ಗ್ರಾಂ ಏರಿದ್ದು. ಐದನೇ ತಿಂಗಳು ಒಂದಿನ ಪಂಜರ ಖಾಲಿ, ನೋಡಿದ್ರೆ ಪರದೆ ಹತ್ತಿ ಕರ್ಟನ್ ರಾಡ್ ಮೇಲೆ ಕೂತಿತ್ತು. ನೀವೂ ಇವತ್ತಿಂದಾನೇ ತೂಕ ಬರ್ದಿಡಿ, ಎಕ್ಸ್‌ರೇ ಆದ್ಮೇಲೆ ಫೋಟೋ ಇಲ್ಲೇ ಹಾಕಿ, ಹೆಣ್ಣಾಗಿದ್ರೆ ಹೊಟ್ಟೇಲಿ ಮೊಟ್ಟೆ ಇದೆಯಾ ಅಂತಾನೂ ಡಾಕ್ಟರ್ ಹತ್ರ ಕೇಳ್ಕೊಂಡು ಬನ್ನಿ.