ಲಾಲಾರಸ ಗ್ರಂಥಿಯ ಗಡ್ಡೆ: ಸೂಜಿ ಪರೀಕ್ಷೆಯಲ್ಲೇ ಖಚಿತ ಹೆಸರು ಯಾಕೆ ಸಿಗುವುದಿಲ್ಲ?

ಸೂಜಿಗೆ ಸಿಗುವುದು ಬಿಡಿ ಜೀವಕೋಶಗಳು. ಎಷ್ಟೋ ಸಲ ಉತ್ತರ ಇರುವುದು ಗಡ್ಡೆಯ ಅಂಚಿನಲ್ಲಿ.

ಈ ಗ್ರಂಥಿಗಳಲ್ಲಿ 30ಕ್ಕೂ ಹೆಚ್ಚು ಬಗೆಯ ಗಡ್ಡೆಗಳು ಬರುತ್ತವೆ, ಹಲವು ನೋಡಲು ಒಂದೇ ಥರ. ಬೇಸಲ್ ಸೆಲ್ ಅಡಿನೋಮಾ ಕ್ಯಾನ್ಸರ್ ಅಲ್ಲ, ಬೇಸಲ್ ಸೆಲ್ ಅಡಿನೋಕಾರ್ಸಿನೋಮಾ ಕ್ಯಾನ್ಸರ್. ಸ್ಲೈಡಿನಲ್ಲಿ ಎರಡರ ಕೋಶಗಳನ್ನೂ ಬೇರ್ಪಡಿಸುವುದು ಬಹಳ ಕಷ್ಟ. ಗಡ್ಡೆ ತನ್ನ ಅಂಚಿನೊಳಗೇ ನಿಂತಿದೆಯೋ, ಅದನ್ನು ದಾಟಿ ಪಕ್ಕದ ಕೊಬ್ಬಿಗೋ ನರಕ್ಕೋ ನುಗ್ಗಿದೆಯೋ ಎಂಬುದರ ಮೇಲೆ ತೀರ್ಮಾನ. ಅದನ್ನು ಶಸ್ತ್ರಚಿಕಿತ್ಸೆಯಲ್ಲಿ ಇಡಿಯಾಗಿ ತೆಗೆದ ಗಡ್ಡೆಯಲ್ಲೇ ನೋಡಬೇಕು. ಹಾಗಂತ ಸೂಜಿ ಪರೀಕ್ಷೆ ಬಿಡಬೇಡಿ. ಕ್ಯಾನ್ಸರ್ ಸಾಧ್ಯತೆಯನ್ನು ವರ್ಗಗಳಲ್ಲಿ ಹೇಳುವ ಮಿಲಾನ್ ಪದ್ಧತಿಯ ವರದಿ ಸಿಕ್ಕರೆ, ಎಷ್ಟು ದೊಡ್ಡ ಶಸ್ತ್ರಚಿಕಿತ್ಸೆ ಬೇಕೆಂದು ಯೋಜಿಸಲು ಅದು ನಿಜಕ್ಕೂ ನೆರವಾಗುತ್ತದೆ.

ಕೆಲವಕ್ಕೆ ಅಂಚೂ ಸಾಲದು, ಜೀನ್ ಪರೀಕ್ಷೆ ಬೇಕು. ಈಗ ಸೆಕ್ರೀಟರಿ ಕಾರ್ಸಿನೋಮಾ ಎಂದು ಕರೆಯುವ ಕ್ಯಾನ್ಸರನ್ನು 2010ಕ್ಕೆ ಮುಂಚೆ ಹೆಚ್ಚಾಗಿ ಅಸಿನಿಕ್ ಸೆಲ್ ಕಾರ್ಸಿನೋಮಾ ಎಂಬ ಇನ್ನೊಂದು ಕ್ಯಾನ್ಸರ್ ಎಂದೇ ಬರೆಯುತ್ತಿದ್ದರು. ಅದರಲ್ಲಿ ಇಟಿವಿ6, ಎನ್‌ಟಿಆರ್‌ಕೆ3 ಎಂಬ ಎರಡು ಜೀನ್‌ಗಳು ಬೆಸೆದುಕೊಂಡಿರುವುದು ಕಂಡ ಮೇಲೆ ಅದು ಬೇರೆ ರೋಗವಾಯಿತು. ರೋಗಿಗೆ ಇದು ದೊಡ್ಡ ವಿಷಯ: ರೋಗ ಹರಡಿದ್ದರೂ ಆ ಬೆಸುಗೆಯನ್ನೇ ಗುರಿಯಾಗಿಸುವ ಲಾರೊಟ್ರೆಕ್ಟಿನಿಬ್‌ನಂಥ ಔಷಧಿ ಇದೆ.